ಸುಗ್ಗಿಯ ಕಣದಲ್ಲಿ ರೂತಳು

ಗೊತ್ತಿದ್ದ ಕಥೆಯನ್ನೇ ಮತ್ತೊಮ್ಮೆ ಕೇಳಲು ರಾತ್ರಿಯಿಡೀ ಕೂರುವ ಜನ ನಮ್ಮ ಕಡೆಯವರು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮನ ಕೊರಳಿನಿಂದ ಮನೆಮಾತಾದ ಶ್ರೀಕೃಷ್ಣ ಪಾರಿಜಾತ ಈ ಗೋಕಾಕ, ಮೂಡಲಗಿ ಸೀಮೆಯ ಆಟ. ಸತ್ಯಭಾಮೆಗೆ ಹೂ ಸಿಕ್ಕೀತೋ ಇಲ್ಲವೋ ಎಂಬ ಕುತೂಹಲದಿಂದ ಯಾರೂ ಪಾರಿಜಾತಕ್ಕೆ ಹೋಗುವುದಿಲ್ಲ. ಭಾಮೆಯ ಮುನಿಸನ್ನು ಇವತ್ತಿನ ಪಾತ್ರಧಾರಿ ಹೇಗೆ ಹಿಡಿಯುತ್ತಾಳೆ, ದೂತಿ ಯಾವ ಮಾತಿಗೆ ಯಾವ ಮಾತು ಜೋಡಿಸುತ್ತಾಳೆ ಎಂದು ನೋಡಲು ಹೋಗುತ್ತಾರೆ. ಶ್ರಾವಣ ಬಂತೆಂದರೆ ಮಠಗಳಲ್ಲಿ ತಿಂಗಳ ಪ್ರವಚನ. ಒಂದು ವಚನ ಹಿಡಿದು ಒಂದು ಸಂಜೆ ಪೂರ್ತಿ ಮಾತನಾಡುವವರಿದ್ದಾರೆ, ಹೊಲದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬಂದು ಅದನ್ನು ಆಲಿಸುವವರೂ ಇದ್ದಾರೆ. ಮೂಡಲಗಿಯ ಶಿವಬೋಧರಂಗ ಮಠದ ಅಂಗಳದಲ್ಲಾಗಲಿ, ಹುಕ್ಕೇರಿಯ ಹಿರೇಮಠದಲ್ಲಾಗಲಿ, ಶಾಸ್ತ್ರವೆಂಬುದು ನಮ್ಮಲ್ಲಿ ಕಪಾಟಿನಲ್ಲಿ ಇಡುವ ವಸ್ತು ಆಗಿಯೇ ಇಲ್ಲ. ಅದು ಹತ್ತು ಜನ ಕೂಡಿ ಕೇಳುವ ಸಂಗತಿ.

ಇಂಥ ಕಿವಿಯಿಟ್ಟುಕೊಂಡು ಬೈಬಲನ್ನು ಓದಿದರೆ, ಅದರಲ್ಲೂ ಒಬ್ಬರೇ ಓದದೆ ಒಂದು ಗುಂಪಿನಲ್ಲಿ ಕೂತು ಕ್ರಮವಾಗಿ ಅಭ್ಯಾಸ ಮಾಡಿದರೆ, ಸಿಗುವ ರುಚಿ ಬೇರೆ. ಗೋಕಾಕದಲ್ಲಿ ವಾರಕ್ಕೊಮ್ಮೆ ಸೇರುವ ಒಂದು ಸಣ್ಣ ಅಧ್ಯಯನ ಗುಂಪಿನಲ್ಲಿ ನಾನೂ ಕೂರುತ್ತೇನೆ. ಮೂಡಲಗಿಯಿಂದ ಇಬ್ಬರು ಮೂವರು, ಹುಕ್ಕೇರಿ ಕಡೆಯಿಂದ ಕೆಲವರು ಬಸ್ಸು ಹಿಡಿದು ಬರುತ್ತಾರೆ. ಶಾಲಾ ಮಾಸ್ತರರಿದ್ದಾರೆ, ನರ್ಸ್ ಬಾಯಿಯರಿದ್ದಾರೆ, ಅಕ್ಷರ ತಡವಾಗಿ ಕಲಿತ ಹಿರಿಯರೂ ಇದ್ದಾರೆ. ಅಭ್ಯಾಸ ಮಾಡಿದರೆ ಭಕ್ತಿ ಒಣಗುತ್ತದೆ, ಶಾಸ್ತ್ರ ಬಿಡಿಸಿದರೆ ಕಥೆ ಸಾಯುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಕಥೆಯ ಹಿಂದಿನ ಕಾನೂನು, ಊರು, ಕಾಲ, ಜಗಳ ಇವು ತಿಳಿದಷ್ಟೂ ರಸ ಹೆಚ್ಚುತ್ತಲೇ ಹೋಗಿದೆ. ರೂತಳ ಪುಸ್ತಕವನ್ನು ಓದಿದ ವಾರಗಳಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಯಿತು.

ಮೊದಲು ಈ ಓದು ನಮ್ಮ ಜಿಲ್ಲೆಗೆ ಬಂದ ದಾರಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೂತರು. ಅದೇ ಬಳ್ಳಾರಿಯಿಂದ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದರು. ಅವರ ನಂತರ ಬಂದ ವಿಲಿಯಂ ಬೇನನ್ ಅವರ ಹೆಸರು ಬೆಳಗಾವಿಯ ಬೇನನ್ ಸ್ಮಿತ್ ಶಾಲೆಯಲ್ಲಿ ಇಂದಿಗೂ ಉಳಿದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಶನ್ನಿನವರು ಇಲ್ಲಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಕಥೋಲಿಕರಿಗೆ 1953ರಲ್ಲಿ ಬೆಳಗಾವಿ ಧರ್ಮಪ್ರಾಂತವಾಯಿತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಂತೂ ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠವೇ ಇದೆ. ಗೋವೆಯಿಂದ ಬಂದ ಯೇಸುಸಭೆಯ ಗುರುಗಳು ಕಾವಿ ತೊಟ್ಟು, ಮಾಂಸ ಬಿಟ್ಟು, ಈ ನೆಲದ ಸ್ವಾಮಿಗಳು ಬದುಕುವಂತೆ ಬದುಕಿ ಯೇಸುವಿನ ಮಾತು ಹೇಳಿದ ಜಾಗ ಅದು. ಬೈಬಲನ್ನು ನಮ್ಮ ಪ್ರವಚನದ ಪೀಠದ ಮೇಲೆ ಇಟ್ಟು ನೋಡಬೇಕೆಂಬ ಆಸೆ ನನ್ನದು ಮಾತ್ರವಲ್ಲ ಎಂಬುದಕ್ಕೆ ದೇಶನೂರು ಸಾಕ್ಷಿ.

ದೇವಶಾಸ್ತ್ರ ಕಲಿಯಬೇಕಾದರೆ ಹಿಂದೆ ಸೆಮಿನರಿಗೇ ಹೋಗಬೇಕಿತ್ತು, ಅದೂ ಸಭಾಪಾಲಕರಾಗುವವರು ಮಾತ್ರ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ಸೆಮಿನರಿ ಇತ್ತು, ತುಮಕೂರಿನಲ್ಲಿ ಇನ್ನೊಂದು. 1965ರಲ್ಲಿ ಇವೆರಡೂ ಕೂಡಿ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಆಯಿತು. ಪದವಿ ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಹಕ್ಕು ಸಿಕ್ಕಿದ್ದು 1827ರಲ್ಲಿ, ಡೆನ್ಮಾರ್ಕಿನ ದೊರೆಯ ಸನದಿನಿಂದ. ಈಗ ಅದೇ ಸೆನೆಟ್ಟಿನಲ್ಲಿ ಸಾಮಾನ್ಯ ವಿಶ್ವಾಸಿಗಳು ಮನೆಯಲ್ಲೇ ಓದಿ ಪರೀಕ್ಷೆ ಕಟ್ಟುವ ಡಿಪ್ಲೊಮಾ ಕೂಡ ಇದೆ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಟಾಫ್ಟಿ ಸಂಸ್ಥೆಯದು ಇನ್ನೊಂದು ರೀತಿ. ವಾರವಿಡೀ ಮನೆಯಲ್ಲಿ ಪಾಠದ ಪುಸ್ತಕ ಓದಿ ಅದರಲ್ಲಿಯ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಬರಬೇಕು, ವಾರಕ್ಕೊಮ್ಮೆ ಕೂಡಿದಾಗ ಮಾರ್ಗದರ್ಶಕರು ಪಾಠ ಒಪ್ಪಿಸದೆ ಚರ್ಚೆ ನಡೆಸಬೇಕು. ಕೆಲಸ ಬಿಡುವಂತಿಲ್ಲದ, ಊರು ಬಿಡುವಂತಿಲ್ಲದ ಜನರಿಗೆಂದು ಗ್ವಾಟೆಮಾಲಾದಲ್ಲಿ 1963ರಲ್ಲಿ ಹುಟ್ಟಿದ ಪದ್ಧತಿ ಇದು. ಕಬ್ಬು ಕಡಿಯುವ ಹಂಗಾಮಿನಲ್ಲಿ ಅರ್ಧ ಊರೇ ಖಾಲಿಯಾಗುವ ನಮ್ಮ ಸೀಮೆಗೂ ಇದು ಚೆನ್ನಾಗಿ ಒಗ್ಗುತ್ತದೆ. ನಮ್ಮ ಗುಂಪೂ ಈ ರೀತಿಯನ್ನೇ ಹಿಡಿದಿದೆ.

ಈಗ ರೂತಳ ಹತ್ತಿರ ಬರೋಣ. ನಾಲ್ಕೇ ಅಧ್ಯಾಯ, 85 ವಚನ. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಓದಿ ಮುಗಿಸಬಹುದು. ನಾವು ವಾರಗಟ್ಟಲೆ ಓದಿದೆವು.

ಬೇತ್ಲೆಹೇಮಿನಲ್ಲಿ ಬರ ಬೀಳುತ್ತದೆ. ಎಲೀಮೆಲೆಕನೆಂಬವನು ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕಟ್ಟಿಕೊಂಡು ಮೋವಾಬ್ ದೇಶಕ್ಕೆ ಗುಳೆ ಹೋಗುತ್ತಾನೆ. ಅಲ್ಲಿ ಗಂಡ ಸಾಯುತ್ತಾನೆ. ಮಕ್ಕಳು ಮೋವಾಬ್ಯರ ಹುಡುಗಿಯರನ್ನು ಮದುವೆಯಾಗಿ ಅವರೂ ಸಾಯುತ್ತಾರೆ. ಇಷ್ಟೂ ಮೊದಲ ಐದು ವಚನಗಳಲ್ಲೇ ನಡೆದುಹೋಗುತ್ತದೆ. ಹತ್ತು ವರ್ಷದ ದುಃಖಕ್ಕೆ ಕಥೆಗಾರ ಐದು ವಚನಗಳಿಗಿಂತ ಹೆಚ್ಚು ಕೊಡುವುದಿಲ್ಲ. ಮುಂದೆ ಒಂದೇ ಒಂದು ಹಗಲಿಗೆ, ರೂತಳು ಹೊಲಕ್ಕೆ ಹೋದ ಆ ಹಗಲಿಗೆ, ಇಡೀ ಒಂದು ಅಧ್ಯಾಯ ಕೊಡುತ್ತಾನೆ. ಎಲ್ಲಿ ಓಡಬೇಕು, ಎಲ್ಲಿ ಕೂರಬೇಕು ಎಂಬುದು ಇಷ್ಟು ಚೆನ್ನಾಗಿ ಗೊತ್ತಿದ್ದ ಕಥೆಗಾರರು ಯಾವ ಭಾಷೆಯಲ್ಲೂ ಹೆಚ್ಚಿಲ್ಲ.

ಅತ್ತೆ ನೊವೊಮಿ, ಸೊಸೆ ರೂತಳು ಇಬ್ಬರೂ ವಿಧವೆಯರಾಗಿ ಬೇತ್ಲೆಹೇಮಿಗೆ ಬಂದಾಗ ಜವೆಗೋದಿಯ ಸುಗ್ಗಿ ಶುರುವಾಗಿದೆ. ರೂತಳು ಹಕ್ಕಲಾಯಲು ಹೊರಡುತ್ತಾಳೆ. ಕೊಯ್ಯುವವರ ಹಿಂದೆ ಹಿಂದೆ ಹೋಗಿ, ಬಿದ್ದ ತೆನೆ ಆರಿಸಿಕೊಳ್ಳುವುದು. ದೊಡ್ಡ ಊರಿನವರಿಗೆ ಇದನ್ನು ಅಡಿಟಿಪ್ಪಣಿ ಹಾಕಿ ತಿಳಿಸಬೇಕಾದೀತು. ನಮ್ಮ ಗುಂಪಿನಲ್ಲಿ ಹಾಗಲ್ಲ. ಜೋಳದ ಹೊಲದಲ್ಲಿ, ಶೇಂಗಾದ ಹೊಲದಲ್ಲಿ ಹಕ್ಕಲಾಯ್ದು ಮಕ್ಕಳನ್ನು ಸಾಕಿದ ಹಿರಿಯರು ಅಲ್ಲಿಯೇ ಕೂತಿದ್ದರು. ರೂತಳು ಹೋದ ಹೊಲದ ಒಡೆಯ, ಎಲೀಮೆಲೆಕನ ಬಂಧು ಬೋವಜನು ತನ್ನ ಆಳುಗಳಿಗೆ, ಅವಳನ್ನು ಮುಟ್ಟಬೇಡಿ, ಗದರಿಸಬೇಡಿ, ಸಿವುಡಿನಿಂದ ಬೇಕೆಂದೇ ಕೆಲವು ತೆನೆ ಎಳೆದು ಬೀಳಿಸಿರಿ ಎಂದು ಹೇಳುವ ಭಾಗಕ್ಕೆ ಬಂದಾಗ ಗುಂಪು ನಡೆಸುವ ಪಾಸ್ಟರು ಓದು ನಿಲ್ಲಿಸಿ, ಹಿಂದೆ ಕೂತಿದ್ದ ಒಬ್ಬ ಆಯಿಯ ಕಡೆ ತಿರುಗಿದರು.

"ಆಯೀ, ಬೋವಜ ಇದನ್ನ ಆಳಿಗೆ ಯಾಕ ಹೇಳಿದಾ? ಸೀದಾ ಆಕಿಗೇ ಒಂದು ಚೀಲ ಕಾಳು ಕೊಟ್ಟಿದ್ರ ಆಗತಿತ್ತಲ್ರಿ?"

"ಚೀಲ ಕೊಟ್ರ ಅದು ಭಿಕ್ಷಾ ಆಗತೈತ್ರಿ ಪಾಸ್ಟರ್. ತೆನಿ ಬೀಳಿಸಿದ್ರ ಆಕಿ ದುಡದಂಗ ಆತು. ಮತ್ತ ಹಕ್ಕಲಾ ಆಯವರಿಗೆ ಹೊಲದ ಗೌಡನ್ಕಿಂತ ಆಳಿನ ಬಾಯಿದು ಅಂಜಿಕಿ ಭಾಳರಿ. ಅದಕ್ಕ ಆಂವಾ ಮೊದಲ ಆಳಿಗೆ ಹೇಳ್ಯಾನ."

ನಾನು ಓದಿದ ವ್ಯಾಖ್ಯಾನಗಳಲ್ಲಿ ಬೋವಜನ ಔದಾರ್ಯದ ಬಗ್ಗೆ ಪುಟಗಟ್ಟಲೆ ಇದೆ. ಆಳಿನ ಬಾಯಿಗೆ ಅಂಜುವ ಮಾತು ಎಲ್ಲೂ ಕಂಡಿರಲಿಲ್ಲ. ಆದರೆ ಮೂಲವನ್ನು ತೆರೆದು ನೋಡಿದರೆ ಎಲ್ಲ ಅಲ್ಲಿಯೇ ಇದೆ: ಎರಡನೆಯ ಅಧ್ಯಾಯದಲ್ಲಿ ಬೋವಜ ಆಳುಗಳ ನಡತೆಯ ಬಗ್ಗೆ ಮಾತನಾಡುವುದು ಒಮ್ಮೆಯಲ್ಲ, ಮತ್ತೆ ಮತ್ತೆ. ಮೊದಲು ಮುಟ್ಟದಂತೆ, ಆಮೇಲೆ ಅವಮಾನ ಮಾಡದಂತೆ, ಕೊನೆಗೆ ಗದರಿಸದಂತೆ.

ಕೋರ್ಸು ತನ್ನ ಕೆಲಸ ಮಾಡುವುದು ಈ ಹಂತದಲ್ಲಿ. ಹಕ್ಕಲು ಎಂಬುದು ಧಣಿಯ ದಯೆಯಾಗಿರಲಿಲ್ಲ, ಬಡವರ ಹಕ್ಕಾಗಿತ್ತು. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದು, ಬಿದ್ದದ್ದನ್ನು ಆರಿಸಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಅದಕ್ಕೆ ಅನಾಥರನ್ನೂ ವಿಧವೆಯರನ್ನೂ ಸೇರಿಸುತ್ತದೆ, ಹೊಲದಲ್ಲಿ ಮರೆತು ಬಿಟ್ಟ ಸಿವುಡಿಗೆ ತಿರುಗಿ ಹೋಗಬಾರದು ಎನ್ನುತ್ತದೆ. ಅಂದರೆ ರೂತಳು ಹೊಲಕ್ಕೆ ಕಾಲಿಟ್ಟದ್ದು ಕಾನೂನಿನ ಬಲದಿಂದ. ಬೋವಜ ಮಾಡಿದ್ದು ಕಾನೂನಿನ ಗೆರೆಯಾಚೆಗಿನದು. ಕಾನೂನು ಎಲ್ಲಿ ಮುಗಿಯುತ್ತದೆ, ಪ್ರೀತಿ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಕಾಣದೆ ಓದಿದರೆ ಅವನು ಬರೀ ಒಳ್ಳೆಯ ಮನುಷ್ಯನಾಗಿ ಕಾಣುತ್ತಾನೆ. ಗೆರೆ ಕಂಡ ಮೇಲೆ ಅವನ ಒಂದೊಂದು ಹೆಜ್ಜೆಯೂ ಕಣ್ಣಿಗೆ ಕಟ್ಟುತ್ತದೆ.

ಮಧ್ಯಾಹ್ನದ ಊಟದ ಹೊತ್ತು ಬರುತ್ತದೆ. ಬೋವಜ ಅವಳನ್ನು ಕೊಯ್ಯುವವರ ಪಂಕ್ತಿಯಲ್ಲೇ ಕೂರಿಸಿ ಹುರಿದ ತೆನೆಯ ಕಾಳು ಕೊಡುತ್ತಾನೆ. ಹೊಲದ ಬದುವಿನಲ್ಲಿ ಕೂತು ಸೀತನಿ ತಿಂದವರಿಗೆ ಆ ವಾಸನೆ ಪುಟದಿಂದಲೇ ಬರುತ್ತದೆ. ಅವಳು ಹೊಟ್ಟೆ ತುಂಬ ತಿಂದು, ಸ್ವಲ್ಪ ಉಳಿಸುತ್ತಾಳೆ. ಆ ಉಳಿದದ್ದು ಏನಾಯಿತೆಂದು ಕಥೆಗಾರ ತಕ್ಷಣ ಹೇಳುವುದಿಲ್ಲ. ಸಂಜೆಯವರೆಗೆ ಅವಳು ಆಯ್ದು, ಬಡಿದು, ಕಾಳು ಮಾಡಿಕೊಂಡು ಊರಿಗೆ ಬಂದು ಅತ್ತೆಯ ಮುಂದೆ ಇಟ್ಟ ಮೇಲೆ, ಮಧ್ಯಾಹ್ನ ಉಳಿಸಿದ್ದನ್ನೂ ತೆಗೆದು ಕೊಟ್ಟಳು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಅತ್ತೆಯನ್ನು ಬಿಟ್ಟು ಹೋಗುವುದಿಲ್ಲವೆಂದು ಮೊದಲನೆಯ ಅಧ್ಯಾಯದಲ್ಲಿ ರೂತಳು ಆಡಿದ ಮಾತು ಜಗತ್ಪ್ರಸಿದ್ಧ. ನನಗೆ ಆ ಮಾತಿಗಿಂತ ಈ ಎತ್ತಿಟ್ಟ ಹಿಡಿ ಕಾಳು ದೊಡ್ಡದು.

ಮೂರನೆಯ ಅಧ್ಯಾಯ ರಾತ್ರಿಯದು. ಬೋವಜ ಕಣದಲ್ಲಿ ಜವೆ ತೂರಿ, ಉಂಡು, ರಾಶಿಯ ಪಕ್ಕದಲ್ಲೇ ಮಲಗಿದ್ದಾನೆ. ರಾಶಿ ಕಾಯಲು ಕಣದಲ್ಲಿ ಮಲಗುವುದು ಹಂತಿ ಕಟ್ಟುತ್ತಿದ್ದ ಕಾಲದ ನಮ್ಮ ಹಿರಿಯರಿಗೆ ನಿತ್ಯದ ಮಾತು. ನೊವೊಮಿ ಸೊಸೆಗೆ ಜಳಕ ಮಾಡಿ ಎಣ್ಣೆ ಹಚ್ಚಿಕೊಳ್ಳಲು ಹೇಳಿ, ಆ ಕತ್ತಲಿಗೆ ಕಳಿಸುತ್ತಾಳೆ. ಏನಾದೀತೋ ಎಂಬ ಅಂಜಿಕೆ ಓದುವವರಿಗೂ ಇದೆ. ಕಥೆಗಾರ ಒಂದೂ ಮಾತು ಜಾರದಂತೆ ಆ ರಾತ್ರಿಯನ್ನು ದಾಟಿಸುತ್ತಾನೆ. ಮುಂಜಾನೆ, ಮುಖ ಮುಖದ ಗುರುತು ಸಿಗದಷ್ಟು ಕತ್ತಲಿರುವಾಗಲೇ, ಬೋವಜ ಅವಳಿಗೆ ಹೊದಿಕೆ ಒಡ್ಡಲು ಹೇಳಿ ಆರು ಅಳತೆ ಜವೆ ಸುರಿಯುತ್ತಾನೆ. ಅತ್ತೆಯ ಹತ್ತಿರ ಬರಿಗೈಲಿ ಹೋಗಬಾರದು ಎನ್ನುತ್ತಾನೆ. ಊರಿಗೆ ಬಂದ ದಿನ ನೊವೊಮಿ, ತಾನು ತುಂಬಿ ಹೋದವಳು ಬರಿದಾಗಿ ಬಂದೆನೆಂದು ಹೆಂಗಸರ ಮುಂದೆ ಅತ್ತಿದ್ದಳು. ಆ ಬರಿದಿಗೆ ಉತ್ತರ ಇಲ್ಲಿ, ಒಬ್ಬ ರೈತ ಕತ್ತಲಲ್ಲಿ ಅಳೆದು ಸುರಿದ ಕಾಳಿನಲ್ಲಿದೆ.

ಈ ಜಾಗದಲ್ಲಿ ನಮ್ಮ ಗುಂಪಿನ ಹೆಂಗಸರೆಲ್ಲ ಒಮ್ಮೆಲೇ ಮಾತಾಡಿದರು. ನಮ್ಮಲ್ಲಿ ಉಡಿ ತುಂಬುವುದೆಂದರೆ ಮುತ್ತೈದೆಗೆ. ಗಂಡ ಸತ್ತವಳ ಉಡಿಯಲ್ಲಿ ಯಾರೂ ಕಾಳು ಹಾಕುವುದಿಲ್ಲ. ರೂತಳು ಪರದೇಶದವಳು, ವಿಧವೆ, ಹಕ್ಕಲಾಯುವವಳು. ಅಂಥವಳು ಒಡ್ಡಿದ ಬಟ್ಟೆಯಲ್ಲಿ ಕಾಳು ತುಂಬುವುದನ್ನು ಈ ನೆಲದ ಹೆಣ್ಣುಮಕ್ಕಳು ಕೇಳಿಸಿಕೊಂಡಾಗ ಅವರಿಗೆ ಹೊಳೆದದ್ದು ಯಾವ ವ್ಯಾಖ್ಯಾನದಲ್ಲೂ ಬರೆದಿರಲಾರದು. ಇದು ಇಸ್ರಾಯೇಲಿನ ಆಚಾರವಲ್ಲ ಎಂದು ಪಾಸ್ಟರು ಹೇಳಲೇಬೇಕಾಗಿತ್ತು, ಹೇಳಿದರು. ಹೇಳಿದ ಮೇಲೂ ಆ ಅರ್ಥ ಅಳಿಯಲಿಲ್ಲ. ಅಳಿಯಬೇಕಾಗಿಯೂ ಇಲ್ಲ. ಗ್ರಂಥ ಹುಟ್ಟಿದ ಕಾಲದಲ್ಲಿ ಏನು ಹೇಳಿತು ಎಂದು ತಿಳಿಯುವುದು ಒಂದು ಅಭ್ಯಾಸ, ನಮ್ಮ ಅಂಗಳಕ್ಕೆ ಬಂದು ಏನು ಹೇಳುತ್ತದೆ ಎಂದು ಕೇಳುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟು, ಎರಡನ್ನೂ ಉಳಿಸಿಕೊಳ್ಳುವುದನ್ನು ಒಳ್ಳೆಯ ಕೋರ್ಸು ಕಲಿಸುತ್ತದೆ.

ಪುಸ್ತಕದೊಳಗೆ ಒಂದು ಜಗಳವೂ ಇದೆ. ಮೋವಾಬ್ಯರು ಯೆಹೋವನ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ಬಾಬಿಲೋನಿನ ಸೆರೆಯಿಂದ ಮರಳಿದ ಮೇಲೆ ಎಜ್ರನೂ ನೆಹೆಮೀಯನೂ ಅನ್ಯಜನಾಂಗದ ಹೆಂಡಿರ ವಿರುದ್ಧ ನಿಂತರು. ರೂತಳ ಕಥೆ ಬರೆಯಲಾದದ್ದು ಆ ಕಾಲದಲ್ಲೇ, ಆ ಕಠಿಣತೆಗೆ ಎದುರಾಗಿ ಎಂದು ಕೆಲವು ವಿದ್ವಾಂಸರು ಹೇಳಿದರೆ, ಅರಸರ ಕಾಲದ್ದೇ ಎನ್ನುವವರೂ ಇದ್ದಾರೆ. ಕಾಲ ಯಾವುದೇ ಇರಲಿ, ಕಥೆಗಾರ ಅವಳನ್ನು ಮತ್ತೆ ಮತ್ತೆ ಮೋವಾಬ್ಯಳಾದ ರೂತಳು ಎಂದೇ ಕರೆಯುತ್ತಾನೆ, ಓದುಗರು ಅದನ್ನು ಮರೆಯಬಾರದೆಂಬ ಹಟ ಅವನಿಗಿದೆ. ಒಂದು ಶಾಸ್ತ್ರಗ್ರಂಥ ತನ್ನೊಳಗೇ ತನ್ನ ಜೊತೆ ವಾದ ಮಾಡುವುದನ್ನು ಕಂಡಾಗ ಆಗುವ ಸಂತೋಷ ಹೇಳತೀರದು. ಮತ್ತೂ ಒಂದು ಸಂಗತಿ: ಈ ಕಥೆಯಲ್ಲಿ ದೇವರು ಎಲ್ಲೂ ಮಾತನಾಡುವುದಿಲ್ಲ. ಕನಸಿಲ್ಲ, ದೂತರಿಲ್ಲ, ಸಮುದ್ರ ಸೀಳುವುದಿಲ್ಲ. ದೇವರು ನೇರವಾಗಿ ಇದನ್ನು ಮಾಡಿದ ಎಂದು ಕಥೆಗಾರ ತನ್ನ ಬಾಯಿಂದ ಹೇಳುವುದು ಎರಡೇ ಕಡೆ. ಆರಂಭದಲ್ಲಿ ಬರ ನೀಗಿಸಿ ಅನ್ನ ಕೊಟ್ಟಾಗ, ಕೊನೆಯಲ್ಲಿ ರೂತಳು ಬಸಿರಾದಾಗ. ನಡುವಿನದೆಲ್ಲ ಮನುಷ್ಯರ ನಡತೆ. ದೇವರ ಕೃಪೆಯ ಬಗ್ಗೆ ಇದಕ್ಕಿಂತ ಆಳವಾದ ಪಾಠವನ್ನು ನಾನು ದೇವಶಾಸ್ತ್ರದ ಪುಸ್ತಕಗಳಲ್ಲಿ ಓದಿಲ್ಲ.

ನಮ್ಮಲ್ಲಿ ಈ ಬಗೆಯ ಓದಿಗೆ ಹಿರಿಯರಿದ್ದಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ, ಸಭಾಪಾಲಕರಾಗಿ ದುಡಿದವರು. ಊರೂರು ತಿರುಗಿ ಸರ್ವಜ್ಞನ ವಚನಗಳ ಓಲೆ, ಕಾಗದ, ಬಾಯಿಪಾಠಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರೂ ಅವರೇ. ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸೆಮಿನರಿಯಲ್ಲಿ ಬೈಬಲ್ ಓದಲು ಕಲಿತ ಶಿಸ್ತನ್ನೇ, ಪಾಠಾಂತರಗಳನ್ನು ಎದುರುಬದುರು ಇಟ್ಟು ನೋಡುವ ಆ ತಾಳ್ಮೆಯನ್ನೇ, ಅವರು ಸರ್ವಜ್ಞನಿಗೆ ತಂದರೆಂದು ನನ್ನ ನಂಬಿಕೆ. ಶರಣರ ಅನುಭವ ಮಂಟಪದ ಮೇಲೂ ಅವರು ಪ್ರೀತಿಯಿಂದ ಬರೆದರು. ಇನ್ನೂ ಹಿಂದೆ ಹೋದರೆ ಕಿಟ್ಟೆಲರು 1862ರಲ್ಲೇ ಕಥಾಮಾಲೆಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡುವಂತೆ ಕಟ್ಟಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಗೊಲ್ಗೊಥಾ ಖಂಡಕಾವ್ಯವಾಗಿಸಿದರು. ಇವನ್ನೆಲ್ಲ ಸಭೆಯ ಅಧ್ಯಯನದಲ್ಲಿ ಪಠ್ಯದ ಜೊತೆಗಿಟ್ಟು ಓದಬೇಕೆಂದು ನನ್ನ ಒತ್ತಾಯ.

ಸಾರ್ವಜನಿಕ ಉಪನ್ಯಾಸಗಳ ಬಗೆಗೂ ಇದೇ ಹಂಬಲ. ಭಾನುವಾರದ ಪ್ರಸಂಗಕ್ಕೆ ಅರ್ಧ ತಾಸು, ಉಜ್ಜೀವನ ಕೂಟದಲ್ಲಿ ದೊಡ್ಡ ದನಿ, ದೊಡ್ಡ ಧ್ವನಿವರ್ಧಕ. ಅವುಗಳ ಕೆಲಸ ಬೇರೆ. ನನಗೆ ಬೇಕಾದದ್ದು ಶ್ರಾವಣದ ಪ್ರವಚನದಂತೆ ಎಲ್ಲ ಧರ್ಮದವರೂ ಬಂದು ಕೂರಬಹುದಾದ, ಒಂದು ಸಂಜೆಗೆ ಒಂದು ಕೀರ್ತನೆ ಹಿಡಿದು ನಿಧಾನಕ್ಕೆ ಬಿಡಿಸುವ ಮಾತು. 119ನೆಯ ಕೀರ್ತನೆಯೊಂದೇ ಸಾಕು: ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟು ವಚನ, ಒಟ್ಟು 176, ಒಂದೊಂದು ಎಂಟರ ಕಂತಿನ ಪ್ರತಿ ವಚನವೂ ಅದೇ ಅಕ್ಷರದಿಂದ ಶುರು. ಅಕ್ಷರಮಾಲೆಯ ಸ್ತೋತ್ರಗಳನ್ನೂ ಷಟ್ಪದಿಯ ಪ್ರಾಸವನ್ನೂ ಬಲ್ಲ ನಮ್ಮ ಕೇಳುಗರಿಗೆ ಆ ಕುಸುರಿಯನ್ನು ತೋರಿಸಿದರೆ ಮೈ ನವಿರೇಳುವುದು ಖಂಡಿತ.

ರೂತಳ ನಾಲ್ಕನೆಯ ಅಧ್ಯಾಯ ಊರ ಅಗಸಿಯಲ್ಲಿ ನಡೆಯುತ್ತದೆ. ಬೋವಜ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು ಪಂಚಾಯತಿ ನಡೆಸುತ್ತಾನೆ. ಅವನಿಗಿಂತ ಹತ್ತಿರದ ಬಂಧುವೊಬ್ಬನಿದ್ದಾನೆ, ಎಲೀಮೆಲೆಕನ ಹೊಲ ಬಿಡಿಸಿಕೊಳ್ಳುವ ಮೊದಲ ಹಕ್ಕು ಆ ಬಂಧುವಿನದು. ಹೊಲ ಬೇಕು ಎನ್ನುತ್ತಾನೆ. ಹೊಲದ ಜೊತೆ ಮೋವಾಬ್ಯಳನ್ನೂ ವರಿಸಿ ಸತ್ತವನ ಹೆಸರು ಉಳಿಸಬೇಕೆಂದ ಕೂಡಲೇ ತನ್ನ ಸ್ವಾಸ್ತ್ಯಕ್ಕೆ ನಷ್ಟವೆಂದು ಹಿಂದೆ ಸರಿದು, ಆ ಕಾಲದ ರೂಢಿಯಂತೆ ಕಾಲಿನ ಕೆರ ತೆಗೆದು ಕೊಡುತ್ತಾನೆ. ಈ ಮನುಷ್ಯನ ಹೆಸರನ್ನು ಕಥೆಗಾರ ಹೇಳುವುದೇ ಇಲ್ಲ. ಆಳುಗಳ ಮೇಸ್ತ್ರಿಗೂ ಹೆಸರಿಲ್ಲ, ಸರಿ. ಆದರೆ ಹೆಸರು ಉಳಿಸುವ ವ್ಯವಹಾರದಲ್ಲಿ ಕೂತವನಿಗೇ ಹೆಸರಿಲ್ಲದಂತೆ ಮಾಡಿದ್ದು ಎಂಥ ನ್ಯಾಯ!

ಮಗು ಹುಟ್ಟಿದಾಗ ನೆರೆಹೊರೆಯ ಹೆಂಗಸರು ನೊವೊಮಿಗೆ, ಏಳು ಗಂಡುಮಕ್ಕಳಿಗಿಂತ ಈ ಸೊಸೆ ಹೆಚ್ಚು ಎನ್ನುತ್ತಾರೆ. ಓಬೇದ ಎಂದು ಹೆಸರಿಡುವವರೂ ಆ ಹೆಂಗಸರೇ. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯದೆ ಪೆರೆಚನಿಂದ ದಾವೀದನವರೆಗೆ ಹತ್ತು ತಲೆಮಾರಿನ ಪಟ್ಟಿ ಬರುತ್ತದೆ. ಬಹಳ ಮಂದಿ ಓದುಗರು ಬಿಟ್ಟುಬಿಡುವ ವಚನಗಳಿವು. ನಮ್ಮ ಕಡೆ ಬಿಡುವ ಮಾತೇ ಇಲ್ಲ. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಮೇಲೆ ಹೆಳವರು ಬಂದು, ಕಟ್ಟೆಯ ಮೇಲೆ ಕೂತು, ಮನೆತನದ ಹಿರಿಯರ ಹೆಸರನ್ನು ಮೂಲಪುರುಷನಿಂದ ಹಿಡಿದು ಒದರುವುದನ್ನು ಕೇಳಿ ಬೆಳೆದ ಊರುಗಳಿವು. ಸುಗ್ಗಿಯ ಕಥೆ ವಂಶಾವಳಿಯಲ್ಲಿ ಮುಗಿಯುವುದು ನಮಗೆ ಸಹಜವೆಂದರೆ ಸಹಜ. ನಮ್ಮ ಗುಂಪಿನಲ್ಲಿ ಆ ಹತ್ತು ಹೆಸರನ್ನು ಗಟ್ಟಿಯಾಗಿ ಓದಿಸಿದೆವು. ಓದಿ ಮುಗಿದ ಮೇಲೆ ಹುಕ್ಕೇರಿ ಕಡೆಯ ಹುಡುಗಿಯೊಬ್ಬಳು, "ಸರ್, ಎಲ್ಲಾ ಗಂಡಸರ ಹೆಸರ ಅದಾವಲ್ಲರೀ, ರೂತಳ ಹೆಸರ ಎಲ್ಲೈತಿ?" ಎಂದು ಕೇಳಿದಳು. ಆ ಪಟ್ಟಿಯಲ್ಲಿ ಇಲ್ಲ. ಅದೇ ಪಟ್ಟಿಯನ್ನು ಮತ್ತಾಯನು ತನ್ನ ಸುವಾರ್ತೆಯ ಮೊದಲ ಅಧ್ಯಾಯಕ್ಕೆ ತೆಗೆದುಕೊಂಡಾಗ ತಾಮಾರಳು, ರಹಾಬಳು, ಊರೀಯನ ಹೆಂಡತಿ ಇವರ ಜೊತೆಗೆ ರೂತಳನ್ನೂ ಸೇರಿಸಿದ. ಮುಂದಿನ ವಾರಕ್ಕೆ ಮತ್ತಾಯನ ಮೊದಲ 17 ವಚನಗಳನ್ನು ಮನೆಯಲ್ಲಿ ಓದಿಕೊಂಡು ಬರಬೇಕೆಂದು ಪಾಸ್ಟರು ಎಲ್ಲರ ವಹಿಯಲ್ಲೂ ಬರೆಸಿದರು.